ಮೂರನೇ ಸಾಲಿನ ಹೆಸರು

ದಹಿಸರ್‌ನಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಗಲ್ಲಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಮೊನ್ನೆ ಜೋಳ ಬೀಸಿಸಲು ಹೋಗಿದ್ದೆ. ಮಳೆ ಹಿಡಿದು ಮೂರು ದಿನವಾಗಿತ್ತು. ಗಿರಣಿಯವನು ಯಾರದೋ ಗೋಧಿ ಮುಗಿಸಿ ನನ್ನ ಜೋಳ ಸುರಿದ. ಸ್ವಲ್ಪ ಹೊತ್ತಿಗೆ ಬಿಸಿ ಜೋಳದ ಹಿಟ್ಟಿನ ವಾಸನೆ ಒದ್ದೆ ಗೋಣಿಯ ವಾಸನೆಯ ಜೊತೆ ಸೇರಿ ಮುಖಕ್ಕೆ ಬಡಿಯಿತು. ವಾಸನೆಯಿಂದ ಹಳೆಯ ನೆನಪುಗಳು ಮರಳುತ್ತವೆ ಎಂಬುದನ್ನು ನಾನು ಅಷ್ಟಾಗಿ ನಂಬುವವನಲ್ಲ. ವಾಸನೆ ಒಂದು ಚೂರು ಬಟ್ಟೆ ಕೊಡುತ್ತದೆ, ಅಂಗಿಯನ್ನು ನಾವೇ ಹೊಲಿದುಕೊಳ್ಳುತ್ತೇವೆ. ಆದರೂ ಅಲ್ಲಿ ನಿಂತಾಗ ಎರಡು ವರ್ಷದ ಹಿಂದಿನ ಮಳೆಗಾಲ ಇಡಿಯಾಗಿ ಎದ್ದು ಬಂತು. ಆ ಮಳೆಗಾಲವನ್ನೆಲ್ಲ ನಾನು ರೇಡಿಯೊದಲ್ಲಿ ಕೇಳಿದ ಒಂದು ಹಾಡಿನ ಬೆನ್ನು ಹತ್ತಿ ಕಳೆದಿದ್ದೆ.

ನಾನು ಜೋಗೇಶ್ವರಿಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಬಾಯಿಮಾತಿನ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದರ ಮೇಲೆ ನನ್ನ ಪಿಎಚ್.ಡಿ. ಮುನ್ನೂರು ಪುಟ ಬರೆದು ನಾನು ಮುಟ್ಟಿದ ತೀರ್ಮಾನವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಹೆಚ್ಚೇನೂ ನಂಬಬಾರದು. ಮನುಷ್ಯರು ಸುಳ್ಳು ಹೇಳುತ್ತಾರೆಂದಲ್ಲ, ತಮಗೆ ಬೇಕಾದ್ದನ್ನು ಪ್ರಾಮಾಣಿಕವಾಗಿಯೇ ನೆನಪಿಟ್ಟುಕೊಳ್ಳುತ್ತಾರೆ. ಪ್ರತಿ ವರ್ಷ ಮೊದಲ ತರಗತಿಯಲ್ಲಿ ಇದನ್ನು ಹೇಳಿ ಮಕ್ಕಳ ಮುಖ ನೋಡುವುದು ನನ್ನ ಸಣ್ಣ ಸಂತೋಷಗಳಲ್ಲಿ ಒಂದಾಗಿತ್ತು.

ಆ ಜೂನ್ ತಿಂಗಳಲ್ಲಿ, ನನ್ನ ನೆನಪಿನ ಪ್ರಕಾರ ಒಂದು ಶನಿವಾರ, ಡೈರಿಯ ಪ್ರಕಾರ ಬುಧವಾರ, ಜೋಗೇಶ್ವರಿ ಸ್ಟೇಶನ್ನಿನಿಂದ ಕಾಲೇಜಿಗೆ ರಿಕ್ಷಾ ಹಿಡಿದಿದ್ದೆ. ಎರಡೂ ಕಡೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟ ರಿಕ್ಷಾ, ಒಳಗೆ ಎಫ್.ಎಂ. ರೇಡಿಯೊ. ಜಾಹೀರಾತುಗಳೆಲ್ಲ ಮುಗಿದು ಇದ್ದಕ್ಕಿದ್ದಂತೆ ಗುರುಗುರು ಎಂಬ ಸದ್ದು ಶುರುವಾಯಿತು. ಬೀಸುಕಲ್ಲು ತಿರುಗುವ ಸದ್ದು. ಅದರ ಮೇಲೆ ಡ್ರಮ್ಮು. ಡ್ರಮ್ಮಿನ ಮೇಲೆ ಒಬ್ಬ ಹೆಂಗಸಿನ ದನಿ, ವಯಸ್ಸಾದ ದನಿ, ಸ್ವಲ್ಪ ಮೂಗಿನಲ್ಲಿ:

*ಬೀಸಿ ಬೀಸಿ ನನ್ನ ರಟ್ಟಿ ಸೋತಾವವ್ವ,*
*ಹಿಟ್ಟಿನ ಮ್ಯಾಲ ನೆರಳ ಬಿದ್ದೈತಿ...*

ಮೂರನೇ ಸಾಲು ಬರಬೇಕು ಎನ್ನುವಷ್ಟರಲ್ಲಿ ಡ್ರಮ್ಮು ಗುಡುಗಿತು, ಅದರ ಬೆನ್ನಿಗೇ ನಿರೂಪಕಿ ಟ್ರಾಫಿಕ್ಕಿನ ಸುದ್ದಿಗೆ ಇಳಿದಳು. ನಾನು ಮುಂದಕ್ಕೆ ಬಾಗಿ, "ವಾಲ್ಯೂಮ್ ಬಢಾವೊ" ಎಂದು ಹೇಳಿದ್ದು ತಡವಾಗಿತ್ತು.

"ಕೌನ್ಸಾ ಭಾಷಾ ಹೈ ಸಾಬ್? ಮದ್ರಾಸಿ?" ರಿಕ್ಷಾದವನು ಕೇಳಿದ.

"ಕನ್ನಡ."

"ಅಚ್ಛಾ. ಸಮಝಾ ಕುಛ್ ನಹೀಂ, ಲೇಕಿನ್ ಬೀಟ್ ಮಸ್ತ್ ಹೈ."

ಆ ದಿನ ಕಾಲೇಜಿನ ಗೇಟು ದಾಟಿ ಮುಂದಿನ ಸಿಗ್ನಲ್‌ವರೆಗೆ ಹೋಗಿಬಿಟ್ಟಿದ್ದೆ. ಯಾಕೆಂದರೆ ಆ ಮೂರನೇ ಸಾಲು ನನಗೆ ಗೊತ್ತಿತ್ತು. *ತಿರುಗಿದರ ನಮ ಮಲ್ಲಪ್ಪ ನಿಂತಾನ ಬಾಗಿಲದಾಗ.* ಮಲ್ಲಪ್ಪ ಎಂದರೆ ನಾನು.

ಅವ್ವನ ಬಗ್ಗೆ ನನಗಿದ್ದ ನೆನಪು ಅದೊಂದೇ. ವಿಜಾಪುರದ ಕಡೆಯಿಂದ ಅಪ್ಪ ಸರಕಾರಿ ಕಚೇರಿಯ ಗುಮಾಸ್ತನಾಗಿ ಮುಂಬಯಿಗೆ ಬಂದಾಗ ಅವ್ವ ರೈಲಿನಲ್ಲಿ ಬೀಸುಕಲ್ಲು ಹೊತ್ತು ತಂದಿದ್ದಳಂತೆ. ಆಂಟಾಪ್ ಹಿಲ್‌ನ ಸರಕಾರಿ ಕ್ವಾರ್ಟರ್ಸಿನಲ್ಲಿ ಅದನ್ನು ನೋಡಿ ನಗದವರಿಲ್ಲ, ಕಾಲೋನಿಯ ಮೂಲೆಯಲ್ಲೇ ಗಿರಣಿ ಇತ್ತು. ಆದರೆ ಮಳೆಗಾಲದಲ್ಲಿ ರಸ್ತೆಯಲ್ಲಿ ನೀರು ತುಂಬಿ ಗಿರಣಿ ದಿನಗಟ್ಟಲೆ ಮುಚ್ಚುತ್ತಿತ್ತು. ಆಗ ಕಲ್ಲು ಹೊರಗೆ ಬರುತ್ತಿತ್ತು. ನನ್ನ ನೆನಪು ಅಂಥದೊಂದು ದಿನದ್ದು. ಕರೆಂಟಿಲ್ಲ. ಹೊರಗೆ ಮಳೆ. ನಾನು ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೇನೆ. ಅವಳು ಬೀಸಿದಂತೆಲ್ಲ ತೊಡೆ ಅಲುಗುತ್ತದೆ, ನನ್ನ ತಲೆಯೂ ಅಲುಗುತ್ತದೆ. ಕಣ್ಣಿನ ಹತ್ತಿರ ನೀಲಿ ಬಟ್ಟೆ. ತೊಡೆ ಮೆತ್ತಗಿಲ್ಲ, ಎಲುಬು ಒತ್ತುತ್ತದೆ. ಕಾಯಿಲೆಯಿಂದ ಸೊರಗಿದ್ದಳು ಎಂದು ದೊಡ್ಡವನಾದ ಮೇಲೆ ಅರ್ಥ ಮಾಡಿಕೊಂಡೆ. ನನಗೆ ನಾಲ್ಕು ವರ್ಷವಿದ್ದಾಗ ಅವಳು ತೀರಿಕೊಂಡಳು. ಊರಿಗೆಲ್ಲ ಸಂಶಯ ಕಲಿಸುವ ನಾನು ಈ ಒಂದನ್ನು ಮಾತ್ರ ಯಾವತ್ತೂ ಮುಟ್ಟಿ ನೋಡಿರಲಿಲ್ಲ.

ಆ ಭಾನುವಾರ ಅಕ್ಕನ ಮನೆಗೆ ಹೋದೆ. ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಮದುವೆಯಾದದ್ದೂ ಆಂಟಾಪ್ ಹಿಲ್‌ನಲ್ಲೇ, ಗಂಡ ತೀರಿಕೊಂಡ ಮೇಲೆ ಮಗಳು ವಿದ್ಯಾಳ ಜೊತೆ ಉಳಿದದ್ದೂ ಅಲ್ಲೇ. ಅವ್ವನ ಬೀಸುಕಲ್ಲು ಅವಳ ಬಾಲ್ಕನಿಯಲ್ಲಿ ತುಳಸಿ ಕುಂಡದ ಕೆಳಗೆ ಪೀಠವಾಗಿತ್ತು. ಆ ವರ್ಷ ಅಕ್ಕನಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು.

"ಹೃದಯ ದೊಡ್ಡದಾಗೇತಂತ ಡಾಕ್ಟರು ಅಂದ್ರು. ಅದು ಮೊದಲಿಂದಽ ದೊಡ್ಡದೈತಿ, ಅವರಿಗೆ ಈಗ ಗೊತ್ತಾತು" ಎಂದಳು.

ನಾನು ರಿಕ್ಷಾದಲ್ಲಿ ಕೇಳಿದ್ದನ್ನು ಹೇಳಿದೆ. ಎರಡು ಸಾಲು ಗುನುಗಿಯೂ ತೋರಿಸಿದೆ. ಸೊಪ್ಪು ಸೋಸುತ್ತಿದ್ದ ಅಕ್ಕನ ಕೈ ನಿಂತಿತು.

"ಹೆಸರು ಯಾರದಿತ್ತು?"

"ಯಾವ ಹೆಸರು?"

"ಮೂರನೇ ನುಡ್ಯಾಗ."

"ಕೇಳಿಸ್ಲಿಲ್ಲ. ನನ್ನ ಹೆಸರಂತೂ ಇರಾಕ ಶಕ್ಯ ಇಲ್ಲ. ಅದು ಅವ್ವ ನನಗಂತ ಸೇರಿಸಿದ್ದು."

ಅಕ್ಕ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ವಿದ್ಯಾ ಒಳಗಿನಿಂದ ಕೂಗಿದಳು: "ಮಾಮಾ, ಆ್ಯಪ್ ಮೆ ಡಾಲೋ ನಾ. ಹಾಡು ಕೇಳಿಸಿದ್ರೆ ಪಾಂಚ್ ಸೆಕೆಂಡಲ್ಲಿ ಹೇಳ್ತದೆ."

"ಹಾಡು ಕೇಳಿಸಾಕ ಹಾಡಽ ಬೇಕಲ್ಲ ಹುಡುಗಿ."

"ತೋ ನೀವು ಗಾಓ."

ಹಾಡಿದೆ. ಆ್ಯಪ್ ನನ್ನ ದನಿ ಕೇಳಿ ಒಂದು ಪಂಜಾಬಿ ಮದುವೆ ಹಾಡಿನ ಹೆಸರು ಹೇಳಿತು. ಅಕ್ಕ ನಕ್ಕು ನಕ್ಕು ಕೆಮ್ಮಿದಳು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. "ನೀನಽ ಹಾಡಕ್ಕ ಒಂದ್ಸಲ" ಎಂದೆ. ಕೈಯಾಡಿಸಿ ಬೇಡವೆಂದಳು. ಉಸಿರು ಕೂಡುವುದಿಲ್ಲ ಎಂಬಂತೆ ಎದೆ ಮುಟ್ಟಿಕೊಂಡಳು. ಹೊರಡುವಾಗ ಬಾಗಿಲವರೆಗೆ ಬಂದು, "ಹುಡುಕಿ ತಾ ತಮ್ಮಾ. ಕಿವ್ಯಾಗ ಒಮ್ಮೆ ಬೀಳಲಿ. ಪಂಚಮಿಗೆ ಬರ್ತೀಯಲ್ಲ, ಆಗ ತಗೊಂಡು ಬಾ" ಎಂದಳು.

ನಮ್ಮ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯಬೇಕು. ಅಲ್ಲಿ ಜೋಕಾಲಿ, ಉಂಡಿ. ನಮ್ಮ ತವರೆಂದರೆ ಅಪ್ಪನ ಕ್ವಾರ್ಟರ್ಸು, ಅಪ್ಪ ನಿವೃತ್ತನಾದ ದಿನ ಅದೂ ಹೋಯಿತು. ಆಮೇಲೆ ಅಕ್ಕನಿಗೆ ತವರು ಅಂತ ಉಳಿದದ್ದು ದಹಿಸರ್‌ನ ನನ್ನ ಫ್ಲ್ಯಾಟು. ಮೊದಮೊದಲು ಕರೆತರುತ್ತಿದ್ದೆ. ಆಮೇಲೆ ನಾನೇ ಆ ದಿನ ಹೋಗಿ ಶೇಂಗಾ ಉಂಡಿ ತಿಂದು ಬರುತ್ತಿದ್ದೆ. ಕೆಲವು ವರ್ಷ ಅದೂ ಫೋನಿನಲ್ಲೇ ಮುಗಿದಿತ್ತು.

ಹುಡುಕಲು ಶುರು ಮಾಡಿದೆ. ರೇಡಿಯೊ ಕಚೇರಿಗೆ ಫೋನು ಮಾಡಿದರೆ ಒಬ್ಬ ಹುಡುಗಿ, "ಸರ್, ಸಾಂಗ್ ಕಾ ನಾಮ್ ಬತಾಇಯೆ" ಎಂದಳು. ಅದನ್ನೇ ಕೇಳಲು ಫೋನು ಮಾಡಿದ್ದೇನೆ ಎಂದೆ. "ತೋ ಸಿಂಗರ್ ಕಾ ನಾಮ್?" ಎಂದಳು. ಎರಡು ಇಮೇಲ್ ಬರೆದೆ, ಉತ್ತರವಿಲ್ಲ. ಕೊನೆಗೆ ಇಯರ್‌ಫೋನ್ ಕೊಂಡು ದಿನಾ ಬೆಳಿಗ್ಗೆ ದಹಿಸರ್‌ನಿಂದ ಜೋಗೇಶ್ವರಿಯವರೆಗೆ ಲೋಕಲ್‌ನಲ್ಲಿ ಅದೇ ಚಾನೆಲ್ಲಿಗೆ ಕಿವಿಕೊಟ್ಟು ನಿಲ್ಲತೊಡಗಿದೆ. ಪ್ರೇಮ, ಟೂತ್‌ಪೇಸ್ಟು, ಫ್ಲ್ಯಾಟುಗಳ ಜಾಹೀರಾತು, ಮತ್ತೆ ಪ್ರೇಮ. ಮೂರನೇ ವಾರ, ಗೋರೆಗಾಂವ್ ದಾಟುವಾಗ, ಗುರುಗುರು ಸದ್ದು ಕಿವಿಗೆ ಬಿತ್ತು. ಉಸಿರು ಹಿಡಿದು ನಿಂತೆ. ಮೊದಲ ಸಾಲು ಬಂತು, ಎರಡನೆಯದು ಬಂತು. ಆಗಲೇ ನಮ್ಮ ಡಬ್ಬಿಯ ಭಜನಾ ಮಂಡಳಿಯವರು ಒಟ್ಟಿಗೆ ತಾಳ ಕುಟ್ಟಿ ವಿಠ್ಠಲನನ್ನು ಕೂಗಿದರು. ಮೂರನೇ ಸಾಲು ಮತ್ತೆ ಹೋಯಿತು. ನನ್ನ ಮುಖ ನೋಡಿದ ಒಬ್ಬ ಭಜನೆಯ ಕಾಕಾ, "ಪ್ರೊಫೆಸರ್, ತಬ್ಯೇತ್ ಬರೀ ಆಹೇ ನಾ?" ಎಂದು ಕೇಳಿ ತಮ್ಮ ಸೀಟು ಬಿಟ್ಟುಕೊಟ್ಟರು. ಆದರೆ ತಾಳ ಇಳಿದ ಮೇಲೆ ನಿರೂಪಕಿ ಹಾಡು ಮಾಡಿದವನ ಹೆಸರು ಹೇಳಿದ್ದು ಕೇಳಿಸಿತು. ನಿಶಾಂತ್. ನಮ್ಮ ಜೋಗೇಶ್ವರಿಯ ಹುಡುಗ, ಎಂದಳು. ಹನ್ನೆರಡು ವರ್ಷದಿಂದ ದಿನಾ ಹೋಗಿ ಬರುವ ಜೋಗೇಶ್ವರಿ.

ಅವನ ಸ್ಟುಡಿಯೊ ಸಿಕ್ಕಿದ್ದು ಕಾಲೇಜಿನಿಂದ ಹತ್ತು ನಿಮಿಷದ ದೂರದಲ್ಲಿ, ಸಣ್ಣ ಕಾರ್ಖಾನೆಗಳ ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ. ಕೆಳಗಿನ ಮಳಿಗೆಯಲ್ಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಮಾಡುತ್ತಿದ್ದರು. ಮೇಲೆ ಇಪ್ಪತ್ತಾರರ ಆಸುಪಾಸಿನ ಹುಡುಗ, ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸಿದ ಕೋಣೆ. ಅವನ ತಂದೆ ಉಡುಪಿಯವರು, ಅಂಧೇರಿ ಕಡೆ ಹೋಟೆಲ್ ಇದೆ.

"ಬನ್ನಿ ಸರ್, ಕೂತ್ಕೊಳ್ಳಿ. ನಂಗೆ ಕನ್ನಡ ಅರ್ಥ ಆಗ್ತದೆ, ಮಾತಾಡ್ಲಿಕ್ಕೆ ಸ್ವಲ್ಪ... ಮನೇಲಿ ತುಳು ಅಲ್ವಾ. ಬಾಕಿ ಸಬ್ ಹಿಂದಿ."

ಹಾಡು ಹಾಕಿದ. ಅಂತೂ ಪೂರ್ತಿ ಕೇಳಿದೆ.

*ತಿರುಗಿದರ ನಮ ಸಂಗಪ್ಪ ನಿಂತಾನ ಬಾಗಿಲದಾಗ.*

"ಸಂಗಪ್ಪ ಯಾಕೆ? ಹೆಸರು ಬದಲಾಯಿಸಿದ್ದೀರಾ?" ನನ್ನ ದನಿ ಏರಿದ್ದಿರಬೇಕು.

"ಅಯ್ಯೊ ಇಲ್ಲ ಸರ್. ನಾನ್ಯಾಕೆ ಚೇಂಜ್ ಮಾಡ್ಲಿ? ಬಸಮ್ಮ ಆಂಟಿ ಹಾಡಿದ್ದೇ ಹಾಗೆ. ಪಪ್ಪನ ಹೋಟೆಲ್‌ಗೆ ಜೋಳದ ರೊಟ್ಟಿ ಕೊಡ್ತಾರೆ ಅವರು. ರೊಟ್ಟಿ ತಟ್ಟುವಾಗ ಹಾಡ್ತಿದ್ರು. ನಾನು ರೆಕಾರ್ಡ್ ಮಾಡ್ದೆ, ಬಸ್."

"ಬೀಸುಕಲ್ಲು ಎಲ್ಲಿ ಸಿಕ್ಕಿತು?"

"ಕಲ್ಲಾ? ಯಾವ ಕಲ್ಲು ಸರ್?" ಅವನು ನಗತೊಡಗಿದ. "ಅದು ಕೆಳಗಿನ ಮುಚ್ಚಳದ ಮಶೀನು. ಸ್ಲೋ ಮಾಡಿ ಹಾಕಿದ್ದು. ನಿಮಗೆ ಕಲ್ಲು ಅನಿಸ್ತಾ? ಸುಪರ್!"

ನಾನೂ ನಗಲು ನೋಡಿದೆ. ಐವತ್ತು ವರ್ಷದಿಂದ ಕಿವಿಯಲ್ಲಿಟ್ಟುಕೊಂಡ ಸದ್ದು ಎಂದು ನಾನು ಮೊದಲ ಕ್ಷಣದಲ್ಲೇ ಗುರುತಿಸಿದ್ದು ಪ್ಲಾಸ್ಟಿಕ್ ಮುಚ್ಚಳದ ಯಂತ್ರ. ಬಸಮ್ಮ ಎಲ್ಲಿರುತ್ತಾರೆ ಎಂದು ಕೇಳಿದೆ. ದಹಿಸರ್‌ನಲ್ಲಿ, ನಾಲೆಯ ಆಚೆ ಕಡೆಯ ಚಾಳಿನಲ್ಲಿ. ನನ್ನ ಕಿಟಕಿಯಿಂದ ಕಾಣುವ ಚಾಳು! "ಬಟ್ ಈಗ ಇಲ್ಲ ಸರ್. ಅವರ ಬ್ರದರ್ ಬಂದು ಊರಿಗೆ ಕರ್ಕೊಂಡು ಹೋದ್ರು, ಏನೋ ಹಬ್ಬಕ್ಕೆ. ಬರ್ಲಿಕ್ಕೆ ಮೂರು ವಾರ ಆಗ್ತದೆ." ಹಾಡನ್ನು ನನ್ನ ಫೋನಿಗೆ ಕಳಿಸಿಕೊಟ್ಟ.

ಹಾಡು ನನ್ನ ಜೇಬಿನಲ್ಲಿತ್ತು. ಅಂದೇ ಸಂಜೆ ದಾದರ್‌ನಲ್ಲಿ ಇಳಿದು ಆಂಟಾಪ್ ಹಿಲ್‌ಗೆ ಹೋಗಬಹುದಿತ್ತು. ಪಂಚಮಿಗೆ ಇನ್ನೂ ಹತ್ತು ದಿನವಿತ್ತು. ನಾನು ಹೋಗಲಿಲ್ಲ. ಆಗ ಅದು ಬಹಳ ಸರಿಯಾಗಿ ಕಂಡಿತ್ತು. ಹೆಸರು ತಪ್ಪಿರುವ ಪಾಠವನ್ನು ಅಕ್ಕನಿಗೆ ಒಯ್ದು ಕೊಡುವುದು ಹೇಗೆ? ಮೊದಲು ಬಸಮ್ಮನನ್ನು ಕಾಣಬೇಕು, ಅವಳಿಗೆ ಹಾಡು ಯಾರಿಂದ ಬಂತು, ಯಾವ ಊರು, ಮಲ್ಲಪ್ಪ ಸಂಗಪ್ಪನಾದದ್ದು ಎಲ್ಲಿ ಎಂದು ತಿಳಿಯಬೇಕು, ಆಮೇಲೆ ಎಲ್ಲವನ್ನೂ ಸೇರಿಸಿ ಅಕ್ಕನ ಮುಂದಿಡಬೇಕು. ಒಂದು ಹೊಸ ನೋಟ್‌ಬುಕ್ ಕೂಡ ತೆಗೆದೆ. ಎಡಗಡೆ ಪುಟದಲ್ಲಿ ಅವ್ವನ ಪಾಠ, ಬಲಗಡೆ ಬಸಮ್ಮನ ಪಾಠ.

ಪಂಚಮಿಯ ದಿನ ಬೆಳಿಗ್ಗೆಯಿಂದ ಮಳೆ ಬಿಟ್ಟಿರಲಿಲ್ಲ. ಗಾಡಿಗಳು ತಡ ಎಂದು ಟಿ.ವಿ.ಯಲ್ಲಿ ಬರುತ್ತಿತ್ತು. ಅಕ್ಕನೇ ಫೋನು ಮಾಡಿದಳು. "ಹಾಡು ಸಿಗ್ತೇನು?"

"ಸಿಕ್ಕೈತಿ. ಆದರ ಇನ್ನೂ ಪಕ್ಕಾ ಆಗಿಲ್ಲಕ್ಕ. ಹೆಸರು ಬ್ಯಾರೆ ಐತಿ. ಹಾಡಿದಾಕಿನ್ನ ಕೇಳಬೇಕು, ಆಕಿ ಊರಿಗೆ ಹೋಗ್ಯಾಳ."

ಆ ಕಡೆ ಉಸಿರಾಟ ಮಾತ್ರ ಕೇಳಿಸಿತು. ಆಮೇಲೆ, "ಹೆಸರು ಬ್ಯಾರೆ ಇರ್ತೈತೋ ಹುಚ್ಚಪ್ಪಾ. ನೀ ಬಾ."

"ಮಳಿ ಭಾಳ ಐತಿ. ಆಯ್ತವಾರ ಬಿಟ್ಟು ಆಯ್ತವಾರ ಬರ್ತೀನಿ, ಎಲ್ಲಾ ಪಕ್ಕಾ ಮಾಡ್ಕೊಂಡು."

"ಪಕ್ಕಾ ಆಮ್ಯಾಲ ಮಾಡೀಯಂತ. ಉಂಡಿ ಕಟ್ಟೀನಿ."

"ತೆಗೆದಿಟ್ಟಿರು."

"ಇಡ್ತೀನಿ ಪ್ರೊಫೆಸರಽ" ಎಂದಳು. ಸಿಟ್ಟು ಬಂದಾಗ ಅವಳು ನನ್ನನ್ನು ಹಾಗೆ ಕರೆಯುತ್ತಿದ್ದಳು. ಆ ದಿನ ಸಿಟ್ಟಿತ್ತೋ ಇಲ್ಲವೋ, ನೆನಪಿನ ಮೇಲೆ ಹೇಳಲಾರೆ.

ಬಸಮ್ಮ ಬಂದ ಸುದ್ದಿ ನಿಶಾಂತ್ ತಿಳಿಸಿದ ಮಧ್ಯಾಹ್ನವೇ ನಾಲೆ ದಾಟಿ ಹೋದೆ. ಚಾಳಿನ ಕೊನೆಯ ಕೋಣೆ. ಅರವತ್ತು ದಾಟಿದ ಗಟ್ಟಿ ಹೆಂಗಸು ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಹಾಡಿನ ಮಾಸ್ತರು ನೀವಽ ಏನ್ರಿ? ಒಳಗ ಬರ್ರಿ. ಬಾಗಲದಾಗ ನಿಂತ್ರ ನನಗ ಬೆಳಕು ಬರೂದುಲ್ಲ."

ಒಳಗೆ ಹೋಗಿ ಗೋಡೆಗೆ ಒರಗಿ ಕೂತು ನೋಟ್‌ಬುಕ್ ಬಿಚ್ಚಿದೆ. "ಈ ಹಾಡು ನಿಮಗ ಯಾರು ಕಲಿಸಿದ್ದು?"

"ಕಲಸಾಕ ಅದೇನು ಹಿಟ್ಟೇನ್ರಿ? ಎಲ್ಲಾರೂ ಹಾಡ್ತಿದ್ರು, ನಾನೂ ಹಾಡಿದೆ."

"ಸಂಗಪ್ಪ ಯಾರು?"

"ನನ್ನ ತಮ್ಮ. ಈಗ ಪಂಚಮಿಗೆ ಬಂದು ಕರ್ಕೊಂಡು ಹೋಗಿದ್ನಲ್ರಿ. ಐವತ್ತೆಂಟು ಅವಂಗ, ಮಣಕಾಲು ನೋವು, ಆದ್ರೂ ಬಸ್ ಹಿಡದು ಬರ್ತಾನ. ಬಂದು ಬಾಗಲದಾಗ ನಿಂತು, ನಡಿ ಯಕ್ಕಾ, ಅಂತಾನ." ರೊಟ್ಟಿಯನ್ನು ಹೆಂಚಿಗೆ ಹಾಕಿ ನೀರು ಸವರಿದಳು.

"ನಮ್ಮ ಅವ್ವನೂ ಇದನ್ನ ಹಾಡ್ತಿದ್ಳು. ಆಕಿ ಅಲ್ಲಿ ನನ್ನ ಹೆಸರು ಹಾಕ್ತಿದ್ಳು. ಮಲ್ಲಪ್ಪ ಅಂತ."

ಆಗ ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ನಿಮ್ಮವ್ವ? ಇಲ್ಲ ತಗೀರಿ."

"ಯಾಕ?"

"ಇಷ್ಟೆಲ್ಲಾ ಓದೀರಿ, ಇದು ಗೊತ್ತಿಲ್ಲೇನ್ರಿ? ಆ ಜಾಗಾ ಅಣ್ಣತಮ್ಮಂದು. ಬೀಸಾಕಿ ತನ್ನ ಒಡಹುಟ್ಟಿದವನ ಹೆಸರು ಹಾಕಬೇಕು. ಮಗಂದು ಹೆಂಗ ಬರ್ತೈತಿ? ಮಗ ಬಾಗಲಿಗೆ ಬಂದು ಯಾಕ ನಿಲ್ತಾನ್ರಿ, ಅಂವ ಮನ್ಯಾಗಽ ಇರ್ತಾನ. ನಿಮ್ಮವ್ವ ಹಾಡಿದ್ರ ನಿಮ್ಮ ಸ್ವಾದರಮಾವನ ಹೆಸರು ಹಾಡಿರ್ತಾಳ." ರೊಟ್ಟಿ ಮಗುಚಿ ಹಾಕಿದಳು. "ನಿಮ್ಮ ಹೆಸರು ಹಾಡಿದಾಕಿ ನಿಮ್ಮ ಅಕ್ಕನೋ ತಂಗಿನೋ ಇರಬೇಕು ನೋಡ್ರಿ."

ನನಗೆ ತಂಗಿಯಿಲ್ಲ.

ಒಬ್ಬಳ ಮಾತು ಪುರಾವೆಯಾಗುವುದಿಲ್ಲ, ಊರಿನಿಂದ ಊರಿಗೆ ಪದ್ಧತಿ ಬೇರೆ ಇರುತ್ತದೆ ಎಂದು ವಾದಿಸಲು ಬಾಯಿ ತೆರೆದೆ. ಆದರೆ ಒಳಗೆ ಆಗಲೇ ಎಲ್ಲ ಕಳಚುತ್ತಿತ್ತು. ನನ್ನ ತಲೆಗೆ ಒತ್ತುತ್ತಿದ್ದ ಎಲುಬು ಕಾಯಿಲೆಯ ಹೆಂಗಸಿನದಲ್ಲ, ಹನ್ನೆರಡು ವರ್ಷದ ಹುಡುಗಿಯ ತೊಡೆಯದು. ಕಣ್ಣಿನ ಹತ್ತಿರದ ನೀಲಿ ಬಟ್ಟೆ ಅಕ್ಕನ ಮುನಿಸಿಪಲ್ ಶಾಲೆಯ ಯೂನಿಫಾರ್ಮು. ಶಾಲೆಯಿಂದ ಬಂದವಳು ಬಟ್ಟೆ ಕೂಡ ಬದಲಿಸದೆ ಬೀಸಲು ಕೂತಿದ್ದಾಳೆ. ಬಸಮ್ಮ ಎರಡು ರೊಟ್ಟಿ ಕಾಗದದಲ್ಲಿ ಸುತ್ತಿ ಕೈಗಿಟ್ಟದ್ದೂ, ನಾನು ಹೊರಗೆ ಬಂದದ್ದೂ ಸ್ಪಷ್ಟವಾಗಿಲ್ಲ. ನಾಲೆಯ ಸೇತುವೆಯ ಮೇಲೆ ನಿಂತು ಅಕ್ಕನಿಗೆ ಫೋನು ಮಾಡಿದೆ. ಎತ್ತಿದವಳು ವಿದ್ಯಾ.

"ಮಾಮಾ, ನಾನೇ ಫೋನ್ ಮಾಡ್ತಿದ್ದೆ. ಅಮ್ಮನ್ನ ಅಡ್ಮಿಟ್ ಮಾಡಿದ್ವಿ. ಬೆಳಿಗ್ಗೆ ಉಸಿರೇ... ಸಾಂಸ್ ಹೀ ನಹೀಂ ಆ ರಹೀ ಥೀ." ಅವಳು ಅಳುತ್ತಿದ್ದಳು.

ಮರುದಿನ ಭೇಟಿಯ ಸಮಯದಲ್ಲಿ ಒಳಗೆ ಬಿಟ್ಟರು. ಅಕ್ಕನ ಮುಖಕ್ಕೆ ಆಕ್ಸಿಜನ್ ಮಾಸ್ಕು ಇತ್ತು. ನನ್ನನ್ನು ನೋಡಿ ಹುಬ್ಬು ಏರಿಸಿದಳು, ತಂದಿಯಾ ಎಂಬಂತೆ. ಒಂದು ಇಯರ್‌ಫೋನ್ ಅವಳ ಕಿವಿಗಿಟ್ಟೆ, ಇನ್ನೊಂದನ್ನು ನನ್ನ ಕಿವಿಗೆ. ಮುಚ್ಚಳದ ಯಂತ್ರ ತಿರುಗತೊಡಗಿತು. ಅಕ್ಕ ಕಣ್ಣು ಮುಚ್ಚಿದಳು. ಹೊದಿಕೆಯ ಮೇಲೆ ಅವಳ ಬಲಗೈ ನಿಧಾನವಾಗಿ ದುಂಡಗೆ ಸುತ್ತತೊಡಗಿತು. ಹಾಡು ಮುಗಿದ ಮೇಲೆಯೂ ಒಂದೆರಡು ಸುತ್ತು ಸುತ್ತಿತು. ಮಾಸ್ಕು ಸರಿಸಿ, "ಸಂಗಪ್ಪ" ಎಂದಳು. "ಪುಣ್ಯಾತಗಿತ್ತಿ. ಛಲೋ ಹಾಡ್ಯಾಳ."

"ಅಕ್ಕಾ, ಅವ್ವ ಯಾರ ಹೆಸರು ಹಾಡ್ತಿದ್ಳು?"

ನನ್ನ ಮುಖ ನೋಡಿದಳು. ನನಗೆ ಗೊತ್ತಾಗಿದೆ ಎಂದು ಅವಳಿಗೆ ತಿಳಿಯಿತು.

"ಗುರಪ್ಪ ಮಾಮಾಂದು."

"ಮತ್ತ ಮಲ್ಲಪ್ಪ?"

ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು ಹೇಳಿದಳು. "ಅವ್ವ ಹೋಗಿ ಎರಡು ತಿಂಗಳಾಗಿತ್ತು. ಗಿರಣಿ ಮುಚ್ಚಿತ್ತು. ನೀ ಅಳ್ತಿದ್ದಿ. ತೊಡಿ ಬಿಡ್ತಿದ್ದಿಲ್ಲ. ನಾ ಏನು ಮಾಡ್ಲಿ, ಹಾಡಿದೆ."

"ಇಷ್ಟು ವರ್ಷ ಯಾಕ ಹೇಳಲಿಲ್ಲ? ನಾ ಅವ್ವ ಅವ್ವ ಅಂದಾಗೆಲ್ಲ?"

"ನಿನ್ನ ಕಡೆ ಅವ್ವಂದು ಅದೊಂದಽ ಇತ್ತಲ್ಲೋ. ಅದನ್ನೂ ನಾ ಕಸಗೊಳ್ಳೂದೇನು?"

ನರ್ಸು ಬಂದು ಮಾಸ್ಕು ಮತ್ತೆ ಏರಿಸಿದಳು, ಮಾತಾಡಿಸಬೇಡಿ ಎಂದಳು. ಅವಳು ಆಚೆ ಹೋದ ಮೇಲೆ ಅಕ್ಕ ಕೈಯಿಂದ ಫೋನು ತೋರಿಸಿದಳು. ಏನು ಬೇಕೆಂದು ಅರ್ಥವಾಗಿ ರೆಕಾರ್ಡ್ ಒತ್ತಿದೆ. ಮಾಸ್ಕಿನೊಳಗೇ ಹಾಡಿದಳು. ಅದು ನಲವತ್ತು ಸೆಕೆಂಡು ಇದೆ. ಮೊದಲ ಸಾಲು ಗುರುತು ಹಿಡಿಯಬಹುದು. ಎರಡನೆಯದರಲ್ಲಿ "ನೆರಳ" ಎಂಬ ಒಂದು ಶಬ್ದವಿದೆ. ಆಮೇಲೆ ಉಸಿರು, ಪಕ್ಕದ ಹಾಸಿಗೆಯ ಯಂತ್ರದ ಬೀಪ್ ಬೀಪ್, ದೂರದಲ್ಲಿ ಯಾರೋ ಟ್ರಾಲಿ ತಳ್ಳುವುದು. ಮೂರನೇ ಸಾಲು ಇದೆ, ಮಲ್ಲಪ್ಪ ಎಂದು ಚೆನ್ನಾಗಿ ಕೇಳುತ್ತದೆ ಎಂದು ವಿದ್ಯಾ ಹೇಳುತ್ತಾಳೆ. ನಾನು ಎಷ್ಟೋ ಸಲ ಕೇಳಿದ್ದೇನೆ. ನನಗೆ ಕೇಳಿಸುವುದಿಲ್ಲ. ಹತ್ತು ಹನ್ನೆರಡು ದಿನ ಮೊದಲು, ಪಂಚಮಿಯ ದಿನ ಹೋಗಿದ್ದರೆ, ಅಥವಾ ಹಾಡು ಸಿಕ್ಕ ಸಂಜೆಯೇ ದಾದರ್‌ನಲ್ಲಿ ಇಳಿದಿದ್ದರೆ, ಅವಳಿಗೆ ಮೂರು ಸಾಲಿಗಾಗುವಷ್ಟು ಉಸಿರಿತ್ತು.

ಐದನೆಯ ದಿನ ಅಕ್ಕ ತೀರಿಕೊಂಡಳು. ಗಣಪತಿ ಹಬ್ಬಕ್ಕೆ ಎರಡು ವಾರವಿತ್ತು. ಸ್ಮಶಾನದಿಂದ ಬರುವ ದಾರಿಯುದ್ದಕ್ಕೂ ಮಂಟಪಗಳಿಗೆ ಬಿದಿರು ಕಟ್ಟುತ್ತಿದ್ದರು. ಮನೆಯಲ್ಲಿ ವಿದ್ಯಾ ಒಂದು ಸ್ಟೀಲ್ ಡಬ್ಬಿ ತಂದು ಮುಂದಿಟ್ಟಳು. "ಅಮ್ಮ ಯಾರಿಗೂ ಕೊಡ್ಬೇಡ ಅಂದಿದ್ದಳು. ಮಾಮಾ ಕೇ ಲಿಯೆ, ಅಂತ." ಪಂಚಮಿಯ ಉಂಡಿಗಳು. ಸೂತಕದ ಮನೆಯಲ್ಲಿ ತಿನ್ನಬಾರದು ಎಂದು ಯಾರೋ ಹಿರಿಯರು ಹೇಳಿದರು. ನಾನು ಬಾಲ್ಕನಿಗೆ ಹೋಗಿ, ತುಳಸಿ ಕುಂಡದ ಪಕ್ಕದಲ್ಲಿ ಕೂತು ಒಂದು ತಿಂದೆ.

ಆಮೇಲೆ ಅಪ್ಪನ ಹಳೆಯ ಟ್ರಂಕು ತೆಗೆಸಿದೆ. ಅವ್ವನ ಮರಣದ ದಾಖಲೆ ಅದರಲ್ಲೇ ಇತ್ತು. ಏಪ್ರಿಲ್. ನನಗೆ ನಾಲ್ಕು ತುಂಬಿ ಕೆಲವೇ ದಿನ. ಮಳೆ, ಮುಚ್ಚಿದ ಗಿರಣಿ, ಹಾಡಿನ ಹೆಸರು ತಿಳಿಯುವ ಬುದ್ಧಿ, ಇವೆಲ್ಲ ಆ ದಿನಾಂಕದ ಈಚೆಗೇ ಬೀಳುತ್ತವೆ. ಬೇರೆಯವರ ತಾರೀಖುಗಳನ್ನು ಜೀವಮಾನವಿಡೀ ಒರೆಗೆ ಹಚ್ಚಿದ ನಾನು ಈ ಕಾಗದವನ್ನು ಯಾವತ್ತಾದರೂ ನೋಡಬಹುದಿತ್ತು. ನೋಡಬೇಕೆನಿಸಲಿಲ್ಲ. ನೋಡಿದ್ದರೆ ಅವ್ವನನ್ನು ಆಗಲೇ ಕಳಕೊಳ್ಳುತ್ತಿದ್ದೆ, ನಿಜ. ಆದರೆ ಅಕ್ಕ ಇನ್ನೂ ಇದ್ದಳು. ನಾನು ಹುಡುಕುತ್ತಿದ್ದ ದನಿ ಎದುರಿಗೇ ಕೂತು ಸೊಪ್ಪು ಸೋಸುತ್ತಿತ್ತು.

ದಸರೆಯ ಹೊತ್ತಿಗೆ ಆ ಹಾಡು ರೇಡಿಯೊದಿಂದ ಮಾಯವಾಯಿತು. ನಿಶಾಂತ್ ಈಗ ಬೇರೇನೋ ಮಾಡುತ್ತಿದ್ದಾನೆ. ಬಸಮ್ಮನ ರೊಟ್ಟಿ ವಾರಕ್ಕೊಮ್ಮೆ ತರುತ್ತೇನೆ. ಈ ವರ್ಷವೂ ಸಂಗಪ್ಪ ಬರುತ್ತಾನಂತೆ, ಮೊಣಕಾಲಿಗೆ ಎಣ್ಣೆ ತರಿಸಿಟ್ಟಿದ್ದಾಳೆ. ಮೊದಲ ತರಗತಿಯಲ್ಲಿ ನಾನು ಈಗಲೂ ಅದೇ ಪಾಠ ಮಾಡುತ್ತೇನೆ, ಯಾಕೆಂದರೆ ಅದು ಸುಳ್ಳಲ್ಲ. ಮಕ್ಕಳ ಮುಖ ಮಾತ್ರ ನೋಡುವುದಿಲ್ಲ. ಆ ಮೂರನೇ ಸಾಲಿನ ಜಾಗದಲ್ಲಿ ನನ್ನ ಹೆಸರು ಹಾಕಬಲ್ಲವರು ಇನ್ನು ಯಾರೂ ಇಲ್ಲ.

ಮೊನ್ನೆ ಗಿರಣಿಯಲ್ಲಿ ಜೋಳ ಬೀಸಿ ಮುಗಿಯುವ ಹೊತ್ತಿಗೆ ಮಳೆ ಬಿಟ್ಟು ಎಳೆ ಬಿಸಿಲು ಬಂದಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಗಿರಣಿಯವನು ಬೆನ್ನು ಮಾಡಿ ಬಗ್ಗಿ ಡಬ್ಬಿಗೆ ಹಿಟ್ಟು ತುಂಬುತ್ತಿದ್ದವನು, "ಸರ್, ಜರಾ ಬಾಜೂಲಾ ವ್ಹಾ, ಉಜೇಡ್ ಯೇತ್ ನಾಹೀ" ಎಂದ. ನನ್ನ ನೆರಳು ಹಿಟ್ಟಿನ ಮೇಲೆ ಬಿದ್ದಿತ್ತು. ಅವನಿಗೆ ಬೆಳಕು ಬರಲು ಸರಿದು ನಿಲ್ಲಬೇಕೆಂದು ಗೊತ್ತಾಯಿತು. ಆದರೂ, ಯಾರಾದರೂ ತಿರುಗಿ ನೋಡಿಯಾರು ಎಂಬಂತೆ, ಇನ್ನೊಂದು ಗಳಿಗೆ ಅಲ್ಲೇ ನಿಂತೆ.